ಬಂದರು ಮಾತಾಡ್ತಿದೀನಿ

"ತಲೆ ಕಡೆ ಎತ್ತಿ, ಇನ್ನೂ ಸ್ವಲ್ಪ... ಹಾಂ, ಈಗ ಓರೆ ಮಾಡಿ," ಎಂದು ಬಡಗಿ ಕೂಗುತ್ತಿದ್ದ. ಮೆಟ್ಟಿಲು ತಿರುಗುವಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಆ ಮೂರನೇ ಮಹಡಿಯ ಮನೆಗೆ ಮಂಚ, ಬೀರು, ನಿಲುವುಗನ್ನಡಿ ಎಲ್ಲವನ್ನೂ ಇದೇ ಇಕ್ಕಟ್ಟಿನಲ್ಲಿ ಹತ್ತಿಸಿದವನು ಅವನೇ. ಹಾಗಾಗಿ ಯಾರೂ ಕೇಳದಿದ್ದರೂ ಇವತ್ತಿನ ಉಸ್ತುವಾರಿ ಅವನ ಪಾಲಿಗೆ ಬಂದಿತ್ತು. ಕಾಲಿನ ಕಡೆ ಹಿಡಿದಿದ್ದ ಮಗ ಹಿಮ್ಮುಖವಾಗಿ ಒಂದು ಮೆಟ್ಟಿಲು ಇಳಿದ. ಸ್ಟ್ರೆಚರಿನ ಹಿಡಿ ಗೋಡೆಗೆ ಬಡಿದು ಒಂದಿಷ್ಟು ಸುಣ್ಣ ಉದುರಿತು.

"ಮೆತ್ತಗೆ, ಮೆತ್ತಗೆ," ಎಂದರು ಕೆಳಗೆ ನಿಂತಿದ್ದ ಅಪ್ಪ. "ಅವಳಿಗೆ ಎಚ್ಚರ ಆದೀತು."

ಹಿಡಿದವರೆಲ್ಲ ಹಾಗೇ ನಿಂತರು. ತಾನೇನು ಅಂದೆ ಎಂಬುದು ಅಪ್ಪನಿಗೆ ಆಮೇಲೆ ಹೊಳೆಯಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು. ಆದರೆ ಅದಾದ ಮೇಲೆ ಯಾರೂ ದನಿ ಎತ್ತಲಿಲ್ಲ. ಬಡಗಿ ಕೈಸನ್ನೆಯಲ್ಲೇ ದಾರಿ ತೋರಿಸಿದ. ಉಳಿದ ಮೆಟ್ಟಿಲುಗಳನ್ನು, ನಿದ್ದೆಹೋದ ಮಗುವನ್ನು ಹೊತ್ತವರಂತೆ, ಒಂದೊಂದಾಗಿ ಇಳಿದರು.

ಹಿಂದಿನಿಂದ ಬರುತ್ತಿದ್ದ ಮಗಳಿಗೆ ಇದು ಹೊಸದೇನಲ್ಲ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ವರ್ಷಗಟ್ಟಲೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಪರದೆ ಎಳೆದು ಮಲಗಿದರೆ ಮನೆಯಿಡೀ ತುದಿಗಾಲಿನಲ್ಲಿ ನಡೆಯುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಜಗಳವಾಡಲು ಕಲಿತದ್ದೇ ಸನ್ನೆಯಲ್ಲಿ. ಚಮಚ ಬಿದ್ದರೆ ಬೈಗುಳ ಚಮಚಕ್ಕೇ. ಅಪ್ಪ ತಮ್ಮ ಕನ್ನಡಕದ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದರೆ ಕೆಳಗೇ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು ಹತ್ತುತ್ತಿದ್ದರು. "ಸದ್ದು ಮಾಡ್ಬೇಡಿ, ಅಮ್ಮ ಮಲಗಿದಾಳೆ" ಎಂಬುದು ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಮಾತು. ಅದನ್ನೂ ಪಿಸುಗುಟ್ಟಿಯೇ ಹೇಳಬೇಕಿತ್ತು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದಿದ್ದರು. ಒಬ್ಬರು ಎದ್ದರೆ ಸಾಲಿಗೆ ಸಾಲೇ ಅಲುಗುತ್ತಿತ್ತು. ಗಾಜಿನ ಆಚೆ ಕೂತಿದ್ದ ಗುಮಾಸ್ತ ತಲೆಯೆತ್ತದೆ, "ಇನ್ನೂ ಸ್ವಲ್ಪ ಹೊತ್ತಾಗುತ್ತೆ. ನಿಮಗಿಂತ ಮುಂಚೆ ಒಬ್ಬರಿದಾರೆ, ಕಾಯಬೇಕು," ಎಂದ.

"ಪರವಾಗಿಲ್ಲಪ್ಪ," ಎಂದರು ಅಪ್ಪ. "ಅವಳು ಊರಿನವರನ್ನೆಲ್ಲ ಲೈನಿಗೆ ಕಾಯಿಸಿದೋಳು. ಒಂದು ಸಲ ತಾನೂ ಕಾಯಲಿ."

ಎಕ್ಸ್‌ಚೇಂಜಿನಿಂದ ಇಬ್ಬರು ಬಂದಿದ್ದರು. ಒಬ್ಬರು ಹಳೆಯ ಸೂಪರ್‌ವೈಸರ್. ಈಗ ಊರುಗೋಲಿಲ್ಲದೆ ಏಳಲಾರದ, ಆದರೆ ಕೂತಲ್ಲಿಂದಲೇ ಕೋಣೆಯನ್ನು ಆಳಬಲ್ಲ ದಪ್ಪನೆಯ ಹೆಂಗಸು. ಇನ್ನೊಬ್ಬಳನ್ನು ಕೆಲಸಕ್ಕೆ ಸೇರಿದ ದಿನದಿಂದಲೂ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದದ್ದು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ದನಿ ಮಾತ್ರ ಇನ್ನೂ ಚಿಲಿಪಿಲಿ.

"ನಮಗೆ ಹೆಸರೇ ಇರ್ಲಿಲ್ಲ ನೋಡಿ," ಎಂದಳು ಗುಬ್ಬಿ, ಪಕ್ಕದಲ್ಲಿದ್ದ ಬಡಗಿಗೆ. "ಊರಿಂದೂರಿಗೆ ಲೈನ್ ಕೊಡೋ ಟ್ರಂಕ್ ಬೋರ್ಡಲ್ಲಿ ಕೂತ್ಕೊಂಡ್ರೆ ಊರೇ ನಮ್ಮ ಹೆಸರು. ಇಲ್ಲಿ ಹಡಗು ಬರುತ್ತಲ್ಲ, ಅದಕ್ಕೆ ನಾವು ಬಂದರು. ಆ ಕಡೆಯವರು ಕೋಟೆ, ಹೊಳೆ, ಗಣಿ, ಜಂಕ್ಷನ್. ಕರೆ ಬಂದ್ರೆ 'ಬಂದರು ಮಾತಾಡ್ತಿದೀನಿ' ಅನ್ನಬೇಕು. ಅಷ್ಟೇ. ಮುಖ ನೋಡಿದೋರಿಲ್ಲ, ಮನೆ ನೋಡಿದೋರಿಲ್ಲ. ಆದ್ರೂ ಜಂಕ್ಷನ್‌ಗೆ ನೆಗಡಿ ಆದ್ರೆ ಇಲ್ಲಿ ನಾವೆಲ್ಲ ಕಷಾಯ ಹೇಳೋದು."

"ಕಾಲ್ ಬಿಟ್ಟು ಹರಟೆ ಹೊಡೀತಿದ್ರಿ ಅನ್ನು," ಎಂದರು ಸೂಪರ್‌ವೈಸರ್.

"ನೀವೂ ಹೊಡೀತಿದ್ರಿ ಮೇಡಂ."

ಮಗ ನಕ್ಕ. ಅವನು ಸ್ಕೂಲ್ ಬಸ್ಸುಗಳ ಗ್ಯಾರೇಜ್ ಇಟ್ಟವನು. ಸುಮ್ಮನೆ ಕೂರಲು ಬಾರದ ಮನುಷ್ಯ. "ಒಂದು ಸಲ ಅಪ್ಪ ನಮ್ಮನ್ನೆಲ್ಲ ಪ್ರವಾಸ ಕರ್ಕೊಂಡು ಹೋಗಿದ್ರು. ಹಳೇ ರಾಜಧಾನಿಗಳು, ಪಾಳು ಅರಮನೆಗಳು, ಕಂಬ, ಕೊಳ, ಏನೇನೋ. ಅಮ್ಮ ಒಂದನ್ನೂ ಬಿಡಲಿಲ್ಲ, ಎಲ್ಲಾ ಕಡೆ ಮಲಗಿದ್ಲು. ಬೇರೆಯವರು ಅರಮನೆ ನೋಡಿದ್ರೆ ನಮ್ಮಮ್ಮ ಅದರಲ್ಲಿ ಬಿಡಾರ ಮಾಡಿದ್ಲು. ಫೋಟೋ ಇದೆ ಬೇಕಾದ್ರೆ."

ಕುರ್ಚಿಯ ಸಾಲು ನಗುವಿಗೆ ಅಲುಗಿತು. ಮಗಳು ನಗಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಆ ಪ್ರವಾಸದ ಮಾತು ಬಂದಾಗಲೆಲ್ಲ ಅವಳು ಹೀಗೆ ಏನಾದರೂ ನೆವ ಮಾಡಿ ಎದ್ದುಬಿಡುತ್ತಿದ್ದಳು. ಅದನ್ನು ಮನೆಯವರು ಅವಳ ಸ್ವಭಾವ ಅಂದುಕೊಂಡಿದ್ದರು. ದೊಡ್ಡವಳಾಗಿ ಅವಳು ಹಲ್ಲಿನ ಡಾಕ್ಟರಾದಾಗ ತಮ್ಮ, "ಎದುರಿಗೆ ಕೂತೋರು ಮಾತಾಡೋಕಾಗದ ಕೆಲಸ ಹುಡುಕಿ ಹಿಡಿದಳು ನೋಡು ಅಕ್ಕ," ಎಂದು ಚೇಷ್ಟೆ ಮಾಡಿದ್ದ. ಅಮ್ಮನೂ ನಕ್ಕಿದ್ದಳು, ಆದರೆ ಕಣ್ಣು ಮಗಳ ಮೇಲೇ ಇತ್ತು.

*

ಆ ಪ್ರವಾಸ ಮಗಳ ನೆನಪಿನಲ್ಲಿ ಬಿಸಿಲಿನ ಬಣ್ಣದ್ದು. ಅವಳಿಗಾಗ ಹನ್ನೊಂದು, ತಮ್ಮನಿಗೆ ಆರೋ ಏಳೋ. ಕಲ್ಲು, ಹುಲ್ಲು, ಆಕಾಶ ಎಲ್ಲವೂ ಹಳೆಯ ಕಾಗದದ ಹಾಗೆ ಹಳದಿ. ಮುಂದೆ ಅಪ್ಪ, ತಲೆಗೆ ಬಟ್ಟೆಯ ಟೋಪಿ, ಕೈಯಲ್ಲಿ ಪ್ರವಾಸಿಗರ ಪುಸ್ತಕ. ಬೇರೆಯವರ ಕಣ್ಣಿಗೆ ಗಾಜು ಕೂರಿಸುವವರಿಗೆ ತಾನೊಮ್ಮೆ ದೂರದ್ದು ನೋಡಬೇಕೆಂಬ ಆಸೆ ಬಹಳ ದಿನದ್ದು. ಒಂದೊಂದು ಬಾಗಿಲಿನೆದುರೂ ನಿಂತು ಗಟ್ಟಿಯಾಗಿ ಓದುವರು. "ಇಲ್ಲಿ ರಾಣಿಯರು ಸಂಜೆಯ ಗಾಳಿಗೆ ಕೂರುತ್ತಿದ್ದರಂತೆ." ತಿರುಗಿ ನೋಡಿದರೆ ರಾಣಿಯರ ಜಾಗದಲ್ಲಿ ಅಮ್ಮ ಕೂತು, ಕಂಬಕ್ಕೆ ತಲೆಯಾನಿಸಿ, ನಿದ್ದೆ.

ರಾತ್ರಿ ಪಾಳಿಯ ಮೈ ರಜೆಯನ್ನು ಒಪ್ಪುತ್ತಿರಲಿಲ್ಲ. ಹಗಲಾದರೆ ಕಣ್ಣು ತಾನಾಗಿ ಮುಚ್ಚುವುದು. ಚಾವಣಿ ಬಿದ್ದುಹೋದ ನಾಟ್ಯಶಾಲೆಯ ಮೆಟ್ಟಿಲ ಮೇಲೆ, ನೀರು ಬತ್ತಿದ ರಾಜರ ಸ್ನಾನದ ಕೊಳದೊಳಗೆ, ಮ್ಯೂಸಿಯಮ್ಮಿನ ಕಾವಲುಗಾರನ ಸ್ಟೂಲಿನ ಮೇಲೆ ಅಮ್ಮ ಮಲಗಿದಳು. ತಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಪಾರಿವಾಳಗಳು ಹತ್ತಿರ ಬಂದು ಇಬ್ಬರನ್ನೂ ನೋಡಿ ಹೋದವು. ಒಂದೂರಲ್ಲಿ ಯಾರೋ ಪ್ರವಾಸಿ, ಮುರಿದ ವಿಗ್ರಹಗಳ ಫೋಟೋ ತೆಗೆಯುತ್ತ ಬಂದವನು, ಅಮ್ಮನ ಎದುರೂ ಒಂದು ಕ್ಷಣ ನಿಂತು, ಕ್ಯಾಮೆರಾ ಎತ್ತಿ, ಮತ್ತೆ ಇಳಿಸಿದ. ಅಪ್ಪ ಓದುವುದನ್ನು ನಿಲ್ಲಿಸುತ್ತಿರಲಿಲ್ಲ. ದನಿ ಮಾತ್ರ ತಗ್ಗುತ್ತಿತ್ತು. ಸಾಮ್ರಾಜ್ಯಗಳು ಹುಟ್ಟಿ ಬಿದ್ದದ್ದನ್ನೆಲ್ಲ ಹುಡುಗಿ ಆ ಬೇಸಿಗೆಯಲ್ಲಿ ಪಿಸುದನಿಯಲ್ಲೇ ಕೇಳಿದಳು.

ಕೋಟೆಯೂರಿಗೆ ಬಂದ ದಿನ ಮಾತ್ರ ಅಮ್ಮ ಎಲ್ಲರಿಗಿಂತ ಮುಂಚೆ ಎದ್ದಿದ್ದಳು. ಹುಡುಗಿ ಕಣ್ಣು ಬಿಟ್ಟಾಗ ಅವಳು ವಸತಿಗೃಹದ ಸಣ್ಣ ಕನ್ನಡಿಯೆದುರು ತಲೆ ಬಾಚಿ, ಸರಿಬರದೆ ಬಿಚ್ಚಿ, ಮತ್ತೆ ಬಾಚುತ್ತಿದ್ದಳು. "ನನಗೊಂದು ಸ್ವಲ್ಪ ಕೆಲಸ ಇದೆ," ಎಂದು ಅಪ್ಪನಿಗೆ ಹೇಳಿ ಹೊರಟಳು. ಅಪ್ಪ ಪುಸ್ತಕದಿಂದ ತಲೆಯೆತ್ತದೆ ಹೂಂ ಅಂದರು. ಹುಡುಗಿ ಹಿಂದೆಯೇ ಹೋದಳು. ಆಟದ ಹಾಗೆ, ಮರದಿಂದ ಮರಕ್ಕೆ ಅವಿತು.

ಅಮ್ಮ ಒಂದು ಹಳದಿ ಕಟ್ಟಡದೊಳಗೆ ಹೋದಳು. ಅರ್ಧ ತೆರೆದ ಬಾಗಿಲಿನಿಂದ ಹುಡುಗಿಗೆ ಕಂಡದ್ದು ಒಂದು ಮೇಜು, ಒಂದು ಲೋಟ ನೀರು, ಗೋಡೆಗೊರಗಿಸಿದ ಒಂದು ಜೊತೆ ಊರುಗೋಲು. ಮೇಜಿನ ಆಚೆ ಒಬ್ಬ ಗಂಡಸು, ಈಚೆ ಅಮ್ಮ. ಇಬ್ಬರೂ ಮಾತಾಡುತ್ತಿರಲಿಲ್ಲ. ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಅಮ್ಮ ಲೋಟವನ್ನು ಇಷ್ಟಿಷ್ಟೇ ತಿರುಗಿಸುತ್ತಿದ್ದಳು. ಒಮ್ಮೆ ಅಮ್ಮ ತಲೆಯೆತ್ತಿ ಗೋಡೆಯ ಸುತ್ತ ನೋಡಿ ಏನೋ ಕೇಳಿದಳು. ಅವನ ಮುಖ ಕೆಂಪಾಯಿತು. ಆಮೇಲೆ ಅಮ್ಮ ಎದ್ದು ಬಿರಬಿರನೆ ಹೊರಗೆ ಬಂದಳು, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ. ಹುಡುಗಿ ಹೆದರಿ ವಸತಿಗೃಹಕ್ಕೆ ಓಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಮಕ್ಕಳನ್ನು ಕೋಟೆಯ ಬಾಗಿಲಿಗೆ ಕರೆದುಕೊಂಡು ಬಂದರು. ಟಿಕೆಟ್ ಕೊಡುವ ಕಿಂಡಿಯ ಪಕ್ಕದಲ್ಲೊಂದು ಫೋನಿನ ಗೂಡು. ಅದರೊಳಗೆ ಅಮ್ಮ. ಕೂದಲು ಗಾಳಿಗೆ ಕೆದರಿತ್ತು, ಕಾಲು ಮೊಣಕಾಲಿನವರೆಗೆ ಧೂಳು. ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಕೈಬೀಸಿ ಗಾಳಿಯಲ್ಲಿ ಏನನ್ನೋ ಬರೆಯುತ್ತಿದ್ದಳು. ಹಾಗೆ ಮಾತಾಡುವ ಅಮ್ಮನನ್ನು ಹುಡುಗಿ ಎಂದೂ ನೋಡಿರಲಿಲ್ಲ. ಗೂಡಿನ ಹತ್ತಿರ ಹೋದಾಗ ಗಾಜಿನ ಸಂದಿನಿಂದ ಒಂದೇ ಮಾತು ಹೊರಗೆ ಬಂತು: "ಎದುರಿಗೆ ಕೂತಾಗ ನೀವು ಕಾಣಲೇ ಇಲ್ಲ. ಈಗ ಕಾಣ್ತಿದೀರಿ."

ಹುಡುಗಿ ಅದನ್ನು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದರೆ ಅಪ್ಪ ಒಡೆದುಹೋಗುತ್ತಾರೆ ಎನ್ನಿಸಿತು. ಅಮ್ಮನನ್ನು ಕೇಳಿದರೆ ಅಮ್ಮ ಹೌದು ಅಂದುಬಿಡಬಹುದು. ಆ ದಿನದಿಂದ ಅವಳು ಅಮ್ಮನೊಡನೆ ಬೇಕಾದಷ್ಟೇ ಆಡಿದಳು. ಊಟ ಆಯ್ತು. ಹೊರಟೆ. ಬರ್ತೀನಿ. ಅಷ್ಟರಲ್ಲೇ ಇಬ್ಬರ ಆಯುಷ್ಯವೂ ಸಾಗಿತು.

*

"ಬಂದರಿನವರು ಇಲ್ಲೇನಾ?"

ಹೊರಗಿನ ಓಣಿಯಿಂದ ಬಂದ ದನಿ. ತೀರ ಗಟ್ಟಿ, ಆದರೆ ಪ್ರತಿಯೊಂದು ಅಕ್ಷರವೂ ತೊಳೆದಿಟ್ಟಂತೆ ಸ್ಪಷ್ಟ. ಗುಬ್ಬಿಯ ಕೈಯಲ್ಲಿದ್ದ ನೀರಿನ ಬಾಟಲಿ ಅಲ್ಲೇ ನಿಂತಿತು. ಸೂಪರ್‌ವೈಸರ್, ಊರುಗೋಲಿಲ್ಲದೆ ಏಳಲಾರದವರು, ಎದ್ದು ನಿಂತಿದ್ದರು.

"ಮೇಡಂ," ಎಂದಳು ಗುಬ್ಬಿ. "ಇದು ಕೋಟೆ ಅಲ್ವಾ?"

"ಕೋಟೆಯೇ."

ಬಾಗಿಲಲ್ಲಿ ಒಬ್ಬರು ಮುದುಕರು ಕಾಣಿಸಿಕೊಂಡರು. ಎರಡು ಊರುಗೋಲು, ಪ್ರಯಾಣದಲ್ಲಿ ಮುದ್ದೆಯಾದ ಕೋಟು. ಆ ಇಬ್ಬರು ಹೆಂಗಸರು ಅವರನ್ನು ಜನ್ಮದಲ್ಲಿ ನೋಡಿದವರಲ್ಲ. ಕಣ್ಣಿನಿಂದ ನೋಡುವುದಕ್ಕಿಂತ ಕಿವಿಗೊಟ್ಟೇ ನೋಡಬೇಕೆಂಬ ಹಾಗೆ ತಲೆ ಓರೆಮಾಡಿ ನಿಂತರು. ಆದರೆ ಮಗಳು ಮುಖವನ್ನೇ ಗುರುತಿಸಿದಳು. ಅದೇ ದವಡೆ, ತನ್ನ ಬೆರಳುಗಳನ್ನೇ ನೋಡಿಕೊಳ್ಳುವ ಅದೇ ರೀತಿ. ಅವಳು ಕಿಟಕಿಯಿಂದ ಬಾಗಿಲಿಗೆ ಹೇಗೆ ಬಂದಳೋ, ಅವರ ಎದುರು ಅಡ್ಡ ನಿಂತಿದ್ದಳು.

"ನಿಮಗಿಲ್ಲಿ ಏನು ಕೆಲಸ?" ಎಂದಳು, ಯಾರಿಗೂ ಕೇಳಿಸಬಾರದೆಂದು ಹಲ್ಲು ಕಚ್ಚಿ.

ಮುದುಕರು ಒಂದು ಊರುಗೋಲನ್ನು ಕಂಕುಳಿಗೆ ಒತ್ತಿ, ಕೈಯನ್ನು ಕಿವಿಯ ಹಿಂದೆ ಇಟ್ಟರು. "ಕಿವಿ ಹೋಗಿದೆ ತಾಯಿ. ಜೋರಾಗಿ ಹೇಳಬೇಕು."

ಅವಳು ಬಾಯಿ ತೆರೆದಳು. ಇಷ್ಟು ವರ್ಷ ತನಗೆ ತಾನೇ ಕೂಡ ಗಟ್ಟಿಯಾಗಿ ಹೇಳಿಕೊಳ್ಳದ ಮಾತನ್ನು ಈಗ ಕೋಣೆ ತುಂಬ ಕೂಗಬೇಕು. ಅಪ್ಪ ಕೇಳುವಂತೆ, ಬಡಗಿ ಕೇಳುವಂತೆ, ಗಾಜಿನ ಆಚೆಯ ಗುಮಾಸ್ತ ಕೇಳುವಂತೆ. ಬಾಯಿ ತೆರೆದೇ ಉಳಿಯಿತು.

ಅಷ್ಟರಲ್ಲಿ ಅಪ್ಪ ಬಂದು ಆ ಮುದುಕರ ಮೊಣಕೈ ಹಿಡಿದರು. "ಬನ್ನಿ, ಬನ್ನಿ," ಎಂದು ಬಾಯಿ ದೊಡ್ಡದು ಮಾಡಿ ಹೇಳಿ, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ನೀರು ಕೊಟ್ಟರು. ಅವರು ಕುಡಿದು ಮುಗಿಸುವವರೆಗೆ ಊರುಗೋಲುಗಳನ್ನು ತಾವೇ ಹಿಡಿದು ಕೂತರು.

"ನೀವು ತಿಳಿಸಿದ್ದಕ್ಕೆ ದೊಡ್ಡ ಉಪಕಾರವಾಯ್ತು ಯಜಮಾನ್ರೇ," ಎಂದರು ಮುದುಕರು, ಕೋಣೆಯ ಮೂಲೆಮೂಲೆಗೂ ಕೇಳುವ ದನಿಯಲ್ಲಿ. "ಸೊಸೆ ಚೀಟಿಯಲ್ಲಿ ಬರೆದು ತೋರಿಸಿದಳು. ಕೂಡಲೇ ಬಸ್ಸು ಹತ್ತಿದೆ."

"ಅಪ್ಪ, ಯಾರಿದು?" ಎಂದ ಮಗ.

ಉತ್ತರ ಕೊಟ್ಟವರು ಸೂಪರ್‌ವೈಸರ್. "ನೀನು ಹುಟ್ಟೋಕೆ ಮುಂಚಿನ ಮಾತು ಕಣಪ್ಪ. ಚಂಡಮಾರುತ ಬಂದ ವರ್ಷ."

*

ಅಂದು ಬೆಳಿಗ್ಗೆಯ ಪಾಳಿಗೆ ಎಕ್ಸ್‌ಚೇಂಜಿಗೆ ಬಂದು ಮುಟ್ಟಿದವಳು ಅಮ್ಮ ಒಬ್ಬಳೇ. ಬಸುರಿಯೆಂದು ಆಗ ಅವಳಿಗೆ ಹಗಲು ಪಾಳಿ ಹಾಕಿದ್ದರು. ಅವಳು ಮೇಲಿನ ಮಹಡಿಯ ಬೋರ್ಡಿನೆದುರು ಕೂತು ಹೆಡ್‌ಫೋನ್ ಹಾಕಿಕೊಳ್ಳುವಷ್ಟರಲ್ಲಿ ಸಮುದ್ರ ಬೀದಿಗೆ ಬಂದಿತ್ತು. ಒಂದೊಂದಾಗಿ ಲೈನುಗಳು ಸತ್ತವು. ಹೊಳೆ ಸತ್ತಿತು, ಗಣಿ ಸತ್ತಿತು, ಜಂಕ್ಷನ್ ಅರ್ಧ ಮಾತಿನಲ್ಲಿ ಸತ್ತಿತು. ಕೆಳಗಿನ ಮಹಡಿಯಲ್ಲಿ ಕುರ್ಚಿಗಳು ತೇಲಿ ಒಂದಕ್ಕೊಂದು ಬಡಿಯುವ ಸದ್ದು. ಗಂಡ ಮತ್ತು ಪುಟ್ಟ ಮಗಳು ಅಂಗಡಿಯ ಕಡೆ ಹೋಗಿದ್ದರು. ಇದ್ದಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ.

"ಬಂದರು ಮಾತಾಡ್ತಿದೀನಿ. ಯಾರಾದ್ರೂ ಇದೀರಾ?"

"ಕೋಟೆ ಇದೀನಿ ಬಂದರು. ಹೇಳಿ."

ಉಳಿದದ್ದು ಅದೊಂದೇ ಲೈನು. ದೋಣಿ ಬೇಕು, ಆಸ್ಪತ್ರೆಗೆ ದೀಪ ಬೇಕು, ಮೀನುಗಾರರ ಓಣಿಯ ಜನ ಶಾಲೆಯ ಮಾಡಿನ ಮೇಲಿದ್ದಾರೆ ಎಂಬುದೆಲ್ಲ ಅದರ ಮೂಲಕವೇ ಹೊರಗಿನ ಲೋಕಕ್ಕೆ ಹೋಗಬೇಕಿತ್ತು. ಅವಳು ಹೇಳಿದಳು, ಕೋಟೆ ಮುಂದಕ್ಕೆ ದಾಟಿಸಿದ. ಸಂದೇಶಗಳ ನಡುವೆ ಮೌನ ಬಂದರೆ ಅವಳ ಹಲ್ಲು ಕಟಕಟ ಅನ್ನುವುದು ತಂತಿಯಲ್ಲಿ ಕೇಳುತ್ತಿತ್ತು.

"ಫೋನ್ ಇಡಬೇಡಿ ಕೋಟೆ."

"ಇಡಲ್ಲ. ನನ್ನ ಕಿಟಕಿಯಿಂದ ಏನು ಕಾಣುತ್ತೆ ಹೇಳ್ಲಾ? ಎದುರಿಗೇ ಕೋಟೆ. ಮೇಲೊಂದು ಕೊಳ ಇದೆ, ಎಂಥಾ ಬೇಸಿಗೆಗೂ ಬತ್ತಲ್ಲ. ಅದರ ದಂಡೆಮೇಲೆ ಕಲ್ಲಿನ ನವಿಲು. ಗರಿ ಬಿಚ್ಚಿದೆ. ಸಂಜೆ ಬಿಸಿಲು ಬಿದ್ದರೆ ಬಣ್ಣ ಬರುತ್ತೆ ಅದಕ್ಕೆ."

ಅವನ ಪಾಳಿ ಮುಗಿಯಿತು. ಅವನು ಏಳಲಿಲ್ಲ. ನೀರು ಇಳಿದು ಜನ ಮೆಟ್ಟಿಲು ಹತ್ತಿ ಬರುವವರೆಗೆ ಅವನು ಆ ಕೋಟೆಯ ಬಾಗಿಲು, ಬುರುಜು, ಒಣಗಿದ ತೋಟ, ಎಲ್ಲವನ್ನೂ ಹೇಳಿದ. ಮುಗಿದಾಗ ಮೊದಲಿನಿಂದ ಹೇಳಿದ. ಅವಳು ಅದರೊಳಗೆ ಓಡಾಡಿಕೊಂಡು ಬದುಕಿದಳು.

*

"ಹಾಗಾದ್ರೆ ಆ ಲೈನಲ್ಲಿ ನಾನೂ ಇದ್ದೆ," ಎಂದ ಮಗ. ಆಮೇಲೆ ಅವನಿಗೆ ಮುಂದೆ ತಮಾಷೆ ಹೊಳೆಯಲಿಲ್ಲ.

ಮಗಳು ಅಪ್ಪನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು. "ಅಪ್ಪ, ಆ ಊರಲ್ಲಿ ಅಮ್ಮ ಇವರನ್ನ ನೋಡೋಕೆ ಹೋಗಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಆ ಊರಿಗೆ ಹೋಗೋಣ ಅಂದೋನೇ ನಾನು. ನನ್ನ ಪುಸ್ತಕದಲ್ಲಿ ಆ ಕೋಟೆಗೆ ಎರಡೇ ಸಾಲು ಇದ್ದದ್ದು. 'ಸಮಯವಿದ್ದರೆ ನೋಡಬಹುದು' ಅಂತ."

"ನಿಮಗೇನೂ ಅನ್ನಿಸಲಿಲ್ವಾ?"

ಅಪ್ಪ ಊರುಗೋಲುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅನ್ನಿಸದೆ ಇರುತ್ತಾ? ಆ ದಿನ ನಿನ್ನ ತಮ್ಮ ಕೇಳಿದಷ್ಟು ಸಲ ಐಸ್‌ಕ್ರೀಮ್ ಕೊಡಿಸಿದೆ. ಅವನಿಗೆ ರಾತ್ರಿ ಜ್ವರ ಬಂತು. ಏನು ಓದ್ತಿದೀನಿ ಅಂತಾನೂ ತಿಳೀಲಿಲ್ಲ, ಒಂದೇ ಪುಟ ತಿರುವಿ ತಿರುವಿ ಓದಿದೆ. ಆಮೇಲೆ ಅವಳು ಆ ಗೂಡಿಂದ ಹೊರಗೆ ಬಂದಳಲ್ಲ, ಬಂದು ನನ್ನ ಟೋಪಿ ಕಿತ್ತು ತಾನು ಹಾಕ್ಕೊಂಡ್ಲು. 'ಈಗ ಓದಿ, ಕೇಳ್ತೀನಿ' ಅಂದ್ಲು."

"ನಾನು ನೋಡಿದ್ದೆ," ಎಂದಳು ಮಗಳು. "ಹಿಂದೆ ಹೋಗಿದ್ದೆ."

"ಅದೂ ಅವಳಿಗೆ ಗೊತ್ತಿತ್ತು. ಆ ಬಾಗಿಲ ಹತ್ತಿರ ನಿನ್ನ ರಿಬ್ಬನ್ ಬಿದ್ದಿತ್ತಂತೆ."

"ಮತ್ತೆ ಯಾಕೆ ನನಗೆ ಹೇಳಲಿಲ್ಲ?"

"ಕೇಳ್ತಾಳೆ, ಕೇಳಿದ ದಿನ ಹೇಳ್ತೀನಿ ಅಂತಿದ್ಲು. ಪ್ರತಿ ಸಲ ನೀನು ಮನೆಗೆ ಬಂದಾಗ್ಲೂ ಕಾದಳು. ನೀನಾಗಿ ಕೇಳದೆ ಹೇಳಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ ಅಂತಿದ್ಲು. ಕರೆ ಬರದೆ ಲೈನ್ ಕೊಡೋ ಅಭ್ಯಾಸ ಇರ್ಲಿಲ್ಲ ಮಗಳೇ ಅವಳಿಗೆ."

ಮಗಳು ಎದ್ದು, ಅಪ್ಪನನ್ನು ದಾಟಿ, ಆ ಮುದುಕರ ಎದುರು ಮೊಣಕಾಲೂರಿ ಕೂತು, ಅವರ ಕಿವಿಗೆ ಬಾಯಿ ಹತ್ತಿರ ತಂದಳು.

"ಆ ದಿನ ಫೋನಲ್ಲಿ, ಕೋಟೆ ಮೇಲೆ ಏನಿತ್ತು ಅಂತ ಹೇಳಿದ್ಲು ಅಮ್ಮ?"

ಅವರು ತಲೆಯಾಡಿಸಿದರು. ಕೇಳಿಸಿರಲಿಲ್ಲ.

ಅವಳು ಕೂಗಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ಅಷ್ಟು ಜೋರಾಗಿ ಎಂದೂ ಕೂಗಿರಲಿಲ್ಲ. ಗುಮಾಸ್ತ ಗಾಜಿನ ಆಚೆ ತಲೆಯೆತ್ತಿದ.

"ಓ, ಅದಾ!" ಎಂದರು ಮುದುಕರು. ಮುಖ ಅರಳಿತು. "ಮೊದಲು ಬಂದು ಎದುರಿಗೆ ಕೂತರಲ್ಲ, ಇಬ್ಬರಿಗೂ ಬಾಯೇ ಬರಲಿಲ್ಲ ತಾಯಿ. ಯಾರೋ ಅಪರಿಚಿತರ ಹಾಗೆ. ಕೊನೆಗೆ 'ಕಿಟಕಿ ಎಲ್ಲಿ?' ಅಂದರು. ನಮ್ಮ ಎಕ್ಸ್‌ಚೇಂಜಿನ ಕೋಣೆಗೆ ಕಿಟಕಿಯೇ ಇರಲಿಲ್ಲ, ಯಂತ್ರಕ್ಕೆ ಧೂಳು ಬೀಳಬಾರದು ಅಂತ. ನನಗೆ ಚಿಕ್ಕಂದಿನಿಂದ ಈ ಕಾಲು. ಆ ಊರಲ್ಲೇ ಹುಟ್ಟಿ ಒಂದು ದಿನವೂ ಮೇಲೆ ಹೋದವನಲ್ಲ. ಅಲ್ಲಿ ಇಲ್ಲಿ ಕೇಳಿದ್ದಕ್ಕೆ ನನ್ನದೂ ಸೇರಿಸಿ ಹೇಳಿದ್ದೆ. ಅವರು ಎದ್ದು ಹೋದರು. ಸಿಟ್ಟಾದರು ಅಂದುಕೊಂಡೆ. ಸಂಜೆ ಬೋರ್ಡಲ್ಲಿ ಕರೆ ಬಂತು. 'ಬಂದರು ಮಾತಾಡ್ತಿದೀನಿ. ಹತ್ತಿ ನೋಡಿ ಬಂದೆ. ಕೊಳದಲ್ಲಿ ಒಂದು ಹನಿ ನೀರಿಲ್ಲ ಕೋಟೆ, ಆಡು ಮಲಗಿದೆ. ನಿಮ್ಮ ನವಿಲು ನವಿಲಲ್ಲ, ಕೋಳಿ. ಕೊಕ್ಕು ಬೇರೆ ಮುರಿದಿದೆ' ಅಂದರು. ನಕ್ಕೆವು ನೋಡಿ ಇಬ್ಬರೂ! ಒಂದೊಂದು ಕಲ್ಲನ್ನೂ ಹೇಳಿದರು. ಎಡಕ್ಕೆ ಏನು, ಬಲಕ್ಕೆ ಏನು, ಗಾಳಿ ಎಲ್ಲಿಂದ ಬರುತ್ತೆ. ನಾನು ಕೂತಲ್ಲಿಂದಲೇ ಹತ್ತಿ ಇಳಿದೆ. ಕೊನೆಗೆ 'ನೀವು ಹೇಳಿದ ಕೋಟೆಯೇ ಚೆನ್ನಾಗಿತ್ತು, ಅದರಲ್ಲೇ ನಾನು ಬದುಕಿದ್ದು' ಅಂದರು. ಆಮೇಲೆ ಅತ್ತರು."

ಗುಬ್ಬಿ ಮೂಗು ಒರೆಸಿಕೊಂಡಳು. "ಕೋಳಿಯಂತೆ," ಎಂದರು ಸೂಪರ್‌ವೈಸರ್. ಅವರ ದಪ್ಪ ಮೈ ನಗುವಿಗೋ ಅಳುವಿಗೋ ಕುಲುಕಿ, ಕುರ್ಚಿಯ ಸಾಲೆಲ್ಲ ಜೊತೆಗೆ ಕುಲುಕಿತು.

ಗುಮಾಸ್ತ ಬಾಗಿಲು ತೆರೆದು, "ನಿಮ್ಮದು ಬನ್ನಿ," ಎಂದ. ಎಲ್ಲರೂ ಎದ್ದರು. ಅಮ್ಮನ ಮುಖ ಬಿಳಿ ಹೂಗಳ ನಡುವೆ ಯಾರಿಗೋ ಕಿವಿಗೊಟ್ಟಂತೆ ಸ್ವಲ್ಪ ಓರೆಯಾಗಿತ್ತು. ಮಗಳು ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದಳು. ತುಂಬ ಹೊತ್ತು ಹೇಳಿದಳು. ಕೆಲಸದವನು ಗಡಿಯಾರ ನೋಡಿದ, ಆದರೆ ಅವಸರಪಡಿಸಲಿಲ್ಲ.

*

ಹೊರಗೆ ಬಂದಾಗ ಬಿಸಿಲು ವಾಲಿತ್ತು. ಗುಬ್ಬಿ, ಸೂಪರ್‌ವೈಸರ್, ಬಡಗಿ ಒಂದು ಬಾಡಿಗೆ ಕಾರಿನಲ್ಲಿ ಹೊರಟುಹೋದರು. ಮಗನ ಕಾರಿನಲ್ಲಿ ಮುಂದೆ ಅಪ್ಪ, ಹಿಂದೆ ಮಗಳು ಮತ್ತು ಕೋಟೆಯವರು. ಅವರ ಬಸ್ಸಿಗೆ ಇನ್ನೂ ಸಮಯವಿತ್ತು.

"ಒಂದು ಕೇಳಲಾ?" ಎಂದರು ಅವರು ಆ ಗಟ್ಟಿ ದನಿಯಲ್ಲಿ, ಸಂಕೋಚಪಡುತ್ತ. "ಇಷ್ಟು ವರ್ಷ ಬಂದರು ಬಂದರು ಅಂತ ಕರೆದೆ. ಆ ಬಂದರನ್ನೇ ನೋಡಿಲ್ಲ."

ಮಗ ಮುಂದಿನ ತಿರುವಿನಲ್ಲಿ ಕಾರನ್ನು ಸಮುದ್ರದ ಕಡೆ ತಿರುಗಿಸಿದ.

ಹಡಗುಕಟ್ಟೆಯ ಮೇಲೆ ಡೀಸೆಲ್ಲಿನ, ಹಸಿ ಹಗ್ಗದ ವಾಸನೆ. ಗೋದಾಮುಗಳ ಗೋಡೆಗಳು ಉಪ್ಪು ತಿಂದು ಸಿಪ್ಪೆ ಏಳುತ್ತಿದ್ದವು. ಸಾವಿನ ಮನೆಯ ಬಟ್ಟೆಯಲ್ಲೇ ನಾಲ್ವರೂ ಕಟ್ಟೆಯ ಕೊನೆಯವರೆಗೆ ನಡೆದರು, ಊರುಗೋಲಿನ ಹೆಜ್ಜೆಗೆ ತಮ್ಮ ಹೆಜ್ಜೆ ತಗ್ಗಿಸಿ. ಅಪ್ಪ ಬೆರಳು ಚಾಚಿ ತೋರಿಸುತ್ತ ಬಂದರು. ಅದು ದೀಪಸ್ತಂಭ, ಅದು ಹಳೇ ಸುಂಕದ ಕಟ್ಟೆ, ನೀರು ಬಂದಾಗ ಅಲ್ಲಿವರೆಗೆ ಬಂದಿತ್ತು. ಕಿವಿ ಕೇಳದ ಆ ಮುದುಕರು ಪ್ರತಿಯೊಂದಕ್ಕೂ ತಲೆಯಾಡಿಸಿದರು.

"ಇಷ್ಟು ದೊಡ್ಡದಾ!" ಎಂದರು ಕೊನೆಗೆ. "ಅವರು ಹೇಳುವಾಗ ನಾನು ಮನಸ್ಸಲ್ಲಿ ಚಿಕ್ಕದಾಗಿ ಕಟ್ಟಿಕೊಂಡುಬಿಟ್ಟಿದ್ದೆ."

ಕಟ್ಟೆಯಿಂದ ಒಂದು ಸರಕು ಹಡಗು ಹೊರಡುತ್ತಿತ್ತು. ಅದರ ಕಪ್ಪು ಮೈ ನಿಧಾನವಾಗಿ, ಊರೇ ಸರಿದಂತೆ, ಸರಿಯಿತು. ಅದು ಒಮ್ಮೆಲೇ ಕೂಗು ಹಾಕಿದಾಗ ಅಪ್ಪ ಕಿವಿ ಮುಚ್ಚಿಕೊಂಡರು. ಮಗ ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟ. ಗೋದಾಮಿನ ಮಾಡಿನಿಂದ ಹಕ್ಕಿಗಳು ಎದ್ದವು. ಕೋಟೆಯವರು ಮಾತ್ರ ನೀರನ್ನೇ ನೋಡುತ್ತ ನಿಂತಿದ್ದರು, ಏನೂ ಆಗದವರಂತೆ.

ಮಗಳು ತಮ್ಮನಿಗೆ ಕಣ್ಸನ್ನೆ ಮಾಡಿದಳು. ಅವನು ಬಂದು ಮುದುಕರ ಸೊಂಟಕ್ಕೆ ಆಸರೆಯಾಗಿ ಹಿಡಿದ. ಅವಳು ಅವರ ಬಲಗೈಯನ್ನು ಊರುಗೋಲಿನಿಂದ ಬಿಡಿಸಿ, ಕಟ್ಟೆಯಂಚಿನ ಕಬ್ಬಿಣದ ಕಂಬಿಯ ಮೇಲೆ ಅಂಗೈ ಹರಡಿ ಇಟ್ಟು, ಮೇಲೆ ತನ್ನ ಕೈಯಿಟ್ಟು ಒತ್ತಿದಳು. ಹಡಗು ಮತ್ತೊಮ್ಮೆ ಕೂಗಿತು. ಕಂಬಿ ಉದ್ದಕ್ಕೂ ನಡುಗಿತು. ಅವರು ಮೊದಲು ತಮ್ಮ ಕೈ ನೋಡಿಕೊಂಡರು. ಆಮೇಲೆ ಮುಖ ಎತ್ತಿ, ದೂರವಾಗುತ್ತಿದ್ದ ಹಡಗನ್ನು ನೋಡುತ್ತ, ಇನ್ನೊಂದು ಊರುಗೋಲನ್ನೂ ಬಿಟ್ಟು ಎಡಗೈಯನ್ನೂ ಕಂಬಿಯ ಮೇಲಿಟ್ಟರು.